ಎಲೆ ತಂದಿರಿ, ಬಿಸಿಲನ್ನು ಅಲ್ಲೇ ಬಿಟ್ಟು ಬಂದಿರಿ

ಪ್ರಶ್ನೆ: ಸರ್, ನಾನು ದಕ್ಷಿಣ ಮುಂಬೈಯ ಒಂದು ಕಲಾ ಕಾಲೇಜಿನಲ್ಲಿ ಶಿಲ್ಪಕಲೆಯ ಮೂರನೇ ವರ್ಷದ ವಿದ್ಯಾರ್ಥಿನಿ. ಮನೆ ಮುಲುಂಡ್. ಅಪ್ಪ ಭಾಂಡುಪ್‌ನಲ್ಲಿ ಚಿಕ್ಕ ಹೋಟೆಲ್ ನಡೆಸುತ್ತಾರೆ. ಊರು ಕುಂದಾಪುರದ ಹತ್ತಿರ. ಅಜ್ಜಿ ಮನೆ ಹಿಂದಿನ ಹೊಳೆಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದವು. ಅಂಥದೇ ಗಿಡಗಳು ನವಿ ಮುಂಬೈಯ ಐರೋಲಿ ಖಾಡಿಯಲ್ಲಿ (ಕಡಲ ಹಿನ್ನೀರಿನಲ್ಲಿ) ಕಂಡಾಗ ಇದರ ಮೇಲೆ ಏನಾದರೂ ಮಾಡಬೇಕು ಅನ್ನಿಸಿತು. ಬೆಳಿಗ್ಗೆ ನೀರು ಇಳಿದಾಗ ಕೆಸರಿನ ಮೇಲೆ ಬೇರುಗಳ ನೆರಳು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗಿತ್ತು. ನಾನು ಸುಮಾರು 200 ಎಲೆಗಳನ್ನು ನೈಲಾನ್ ದಾರಕ್ಕೆ ಕಟ್ಟಿ ತೂಗುಬಿಟ್ಟೆ. ಹಿಂದಿನಿಂದ 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಹಾಕಿದೆ. ಗೋಡೆಯ ಮೇಲೆ ಬಂದದ್ದು ಬೂದಿ ಬಣ್ಣದ ಒಂದು ಕಲೆ, ಅಷ್ಟೇ. ಜ್ಯೂರಿ ದಿನ, ಅಂದರೆ ನಮ್ಮ ಕೆಲಸ ನೋಡಿ ತೀರ್ಪು ಹೇಳುವ ದಿನ, ಒಬ್ಬ ಸರ್ 'ಮದುವೆ ಮಂಟಪದ ಡೆಕೊರೇಶನ್ ಥರ ಇದೆ' ಎಂದರು. ಎಲೆಗೆಲ್ಲ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. 100 ವ್ಯಾಟ್ ಹಾಕು ಎನ್ನುತ್ತಾನೆ ಒಬ್ಬ ಫ್ರೆಂಡ್. ಹಳೇ ಹ್ಯಾಲೋಜನ್ ತಾ ಎನ್ನುತ್ತಾಳೆ ಇನ್ನೊಬ್ಬಳು. ಪ್ರೊಜೆಕ್ಟರ್ ಇಲ್ಲದೆ ಇದೆಲ್ಲ ಆಗಲ್ಲ ಅಂತ ಮತ್ತೊಬ್ಬ. ಫೆಬ್ರವರಿಯಲ್ಲಿ ಮಾಟುಂಗದ ಕಡೆ ಒಂದು ಹಾಲ್‌ನವರು 10 ಅಡಿಗೆ 12 ಅಡಿಯ ಒಂದು ಕೋಣೆ ಮೂರು ದಿನ ಕೊಡುತ್ತೇವೆ ಎಂದಿದ್ದಾರೆ. ಇದರಲ್ಲಿ ಹೊಟ್ಟೆ ತುಂಬುತ್ತಾ ಅಂತ ಅಪ್ಪ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಕಲಸಿಕೊಂಡಿವೆ. ನೆರಳು ಯಾಕೆ ಬರಲಿಲ್ಲ ಅನ್ನುವುದು ಒಂದು. ಇದು ಕಲೆಯೋ ಡೆಕೊರೇಶನ್ನೋ ಅನ್ನುವುದು ಇನ್ನೊಂದು. ಫೆಬ್ರವರಿಯೊಳಗೆ ಅನಾಹುತ ಆಗದ ಹಾಗೆ, ಸಾಲ ಆಗದ ಹಾಗೆ ಮಾಡುವುದು ಹೇಗೆ ಅನ್ನುವುದು ಮೂರನೆಯದು. ಮೊದಲನೆಯದಕ್ಕೆ ನನ್ನ ಹತ್ತಿರ ಪಕ್ಕಾ ಉತ್ತರ ಇದೆ. ಎರಡನೆಯದಕ್ಕೆ ಬರೀ ಅಭಿಪ್ರಾಯ. ನಾನು ಕಲಾ ವಿಮರ್ಶಕನಲ್ಲ. ಮೂವತ್ತು ವರ್ಷದಿಂದ ಈ ಊರಿನಲ್ಲಿ ಮೊದಲು ಕನ್ನಡ ನಾಟಕಗಳಿಗೆ, ಆಮೇಲೆ ಪ್ರದರ್ಶನಗಳಿಗೆ ಲೈಟ್ ಕಟ್ಟುತ್ತಾ ಬಂದವನು.

ನಿಮ್ಮ ಪತ್ರದ ಮುಖ್ಯ ಸಾಲು ನೀವು ಸುಮ್ನೆ ಬರೆದು ಮುಂದೆ ಹೋದದ್ದು. ಕೆಸರಿನ ಮೇಲೆ ಬೇರಿನ ನೆರಳು ಗೆರೆ ಎಳೆದ ಹಾಗಿತ್ತು ಎಂದಿದ್ದೀರಿ. ನೀವು ಮರುಳಾದದ್ದು ಆ ನೆರಳಿಗೆ, ಎಲೆಗಲ್ಲ. ಆದರೆ ಕೋಣೆಗೆ ತಂದದ್ದು ಎಲೆಯನ್ನು. ಆ ನೆರಳನ್ನು ಮಾಡಿದ ಬಿಸಿಲು ಐರೋಲಿಯಲ್ಲೇ ಉಳಿಯಿತು.

ಮೊದಲು ವ್ಯಾಟಿನ ಮಾತು ಮುಗಿಸೋಣ. ಬೆಳಕು ಜಾಸ್ತಿ ಆದರೆ ನೆರಳು ಚೂಪಾಗುತ್ತದೆ ಅನ್ನುವುದು ಸುಳ್ಳು. ನೆರಳಿನ ಅಂಚನ್ನು ತೀರ್ಮಾನಿಸುವುದು ಬೆಳಕಿನ ಶಕ್ತಿ ಅಲ್ಲ, ಬೆಳಕಿನ ಗಾತ್ರ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಟ್ಯೂಬ್‌ಲೈಟ್ ಕೆಳಗೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ನಿಮ್ಮ ಬೆರಳು ಹಿಡಿಯಿರಿ. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಟ್ಯೂಬ್ ಆರಿಸಿ ಮೊಬೈಲ್ ಟಾರ್ಚ್ ಹಚ್ಚಿ. ಉಗುರಿನ ತುದಿಯೂ ಗೋಡೆಯ ಮೇಲೆ ಕಾಣುತ್ತದೆ. ಟ್ಯೂಬಿನ ಬೆಳಕು ಟಾರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ಸೋತಿತು. ಟ್ಯೂಬು ನಾಲ್ಕು ಅಡಿ ಉದ್ದ, ಟಾರ್ಚಿನ ಎಲ್‌ಇಡಿ ಸಾಸಿವೆ ಕಾಳಿನಷ್ಟು.

ಲೆಕ್ಕ ಸುಲಭ. ಬೆಳಕಿನ ಅಗಲವನ್ನು ವಸ್ತುವಿನಿಂದ ಗೋಡೆಗಿರುವ ದೂರದಿಂದ ಗುಣಿಸಿ. ಬಂದದ್ದನ್ನು ಬೆಳಕಿನಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ. ನೆರಳಿನ ಅಂಚು ಎಷ್ಟು ಮಸುಕಾಗುತ್ತದೆ ಎಂದು ಸಿಗುತ್ತದೆ. ಈ ಮಸುಕಿಗೆ ಶಾಲೆಯ ಪುಸ್ತಕದಲ್ಲಿ ಅರೆನೆರಳು ಎಂದು ಓದಿರುತ್ತೀರಿ. ನಿಮ್ಮ ಫ್ಲಡ್ ಲೈಟಿನ ಮುಖ ಸುಮಾರು 15 ಸೆಂಟಿಮೀಟರ್ ಅಗಲ ಇರಬಹುದು. ಎಲೆ ಲೈಟಿನಿಂದ ಒಂದೂವರೆ ಮೀಟರ್, ಗೋಡೆ ಎಲೆಯಿಂದ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಮಸುಕು 15 ಸೆಂಟಿಮೀಟರ್. ಖಾಡಿಯ ಕಾಂಡ್ಲಾ ಎಲೆಯ ಉದ್ದವೇ ಏಳೆಂಟು ಸೆಂಟಿಮೀಟರ್! ಎಲೆಗಿಂತ ಅದರ ಅಂಚೇ ದೊಡ್ಡದಾಯಿತು. ಅಂಥ 200 ಮಸುಕು ಒಂದರ ಮೇಲೊಂದು ಬಿದ್ದರೆ ಬೂದಿ ಬಣ್ಣದ ಕಲೆಯೇ ಬರಬೇಕು. 100 ವ್ಯಾಟಿನದು ಹಾಕಿದ್ದರೆ ಅದರ ಮುಖ ಇನ್ನೂ ಅಗಲ. ಇನ್ನೂ ಕೆಡುತ್ತಿತ್ತು.

ನಮ್ಮ ತೊಗಲುಗೊಂಬೆಯವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ಹಿಂದೆ ಎಣ್ಣೆ ದೀಪ, ಆಮೇಲೆ ಬಲ್ಬು. ಎರಡೂ ಚಿಕ್ಕ ಬೆಳಕೇ. ಆದರೂ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುತ್ತಾರೆ. ಪರದೆಗೆ ತಾಗಿದ್ದಾಗ ರಾಮನ ಕಿರೀಟದ ಒಂದೊಂದು ತೂತೂ ಎಣಿಸಬಹುದು. ಎರಡು ಗೇಣು ಹಿಂದೆ ಎಳೆದರೆ ಗೊಂಬೆ ದೊಡ್ಡದಾಗಿ, ಮಸುಕಾಗಿ, ಹೊಗೆಯಂತೆ ಕರಗುತ್ತದೆ. ಪಾತ್ರ ಮಾಯವಾಗಬೇಕಾದರೆ ಹೀಗೆ ಹಿಂದಕ್ಕೆ ಎಳೆದರೆ ಸಾಕು. ನೀವು ಕರ್ನಾಟಕದಲ್ಲಿ ತೊಗಲುಗೊಂಬೆ ಆಡುವ ಕಡೆ ಹೋದಾಗ ಒಂದು ಆಟವನ್ನಾದರೂ ಪರದೆಯ ಹಿಂದೆ ಕೂತು ನೋಡಿ. ಮುಂದೆ ಕೂತವರಿಗೆ ಕಥೆ ಸಿಗುತ್ತದೆ, ಹಿಂದೆ ಕೂತವರಿಗೆ ಕಸುಬು.

ಹಾಗಾದರೆ ಎಷ್ಟು ಚಿಕ್ಕ ಬೆಳಕು ಬೇಕು? ಇಲ್ಲಿ ಹೆಚ್ಚಿನವರು ಎರಡನೇ ತಪ್ಪು ಮಾಡುತ್ತಾರೆ. ಚೂಪಾದಷ್ಟೂ ಒಳ್ಳೆಯದು ಎಂದು ಸೂಜಿಮೊನೆಯಂಥ ಎಲ್‌ಇಡಿ ತರುತ್ತಾರೆ. ಆಗ ನೆರಳು ಕತ್ತರಿಯಲ್ಲಿ ಕತ್ತರಿಸಿದ ಕಾಗದದಂತೆ ಕಾಣುತ್ತದೆ. ನೋಡುವವರಿಗೆ ಗಿಡ ನೆನಪಾಗುವುದಿಲ್ಲ, ಸ್ಟೆನ್ಸಿಲ್ ನೆನಪಾಗುತ್ತದೆ. ಯಾಕೆಂದರೆ ಬಿಸಿಲು ಸೂಜಿಮೊನೆ ಅಲ್ಲ. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಅದರ ವ್ಯಾಸಕ್ಕಿಂತ ಸುಮಾರು 108 ಪಟ್ಟು ದೂರದಲ್ಲಿ ಇದೆ. ಜಪಮಾಲೆಯ 108 ಅಂದುಕೊಳ್ಳಿ, ಮರೆಯುವುದಿಲ್ಲ.

ಈಗ ನಿಮ್ಮ ಬೇರಿಗೆ ಬನ್ನಿ. ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂತೆ ನಿಂತಿರುತ್ತವಲ್ಲ, ಅವು ಉಸಿರುಬೇರುಗಳು. ಉಪ್ಪು ಕೆಸರಿನ ಒಳಗೆ ಗಾಳಿ ಸಾಲದ್ದಕ್ಕೆ ಗಿಡ ಅವುಗಳಿಂದ ಉಸಿರಾಡುತ್ತದೆ. ಒಂದು ಬೇರು 20 ಸೆಂಟಿಮೀಟರ್ ಎತ್ತರ ಇದೆ ಎನ್ನಿ. ಬೆಳಗಿನ ಸೂರ್ಯ 20 ಡಿಗ್ರಿ ಮೇಲೆ ಬಂದಿದ್ದಾನೆ. ನೆರಳು ಸುಮಾರು 55 ಸೆಂಟಿಮೀಟರ್ ಉದ್ದ ಬೀಳುತ್ತದೆ. ಬೇರಿನ ತುದಿಯಿಂದ ನೆರಳಿನ ತುದಿಗೆ ನೇರ ದೂರ 58 ಸೆಂಟಿಮೀಟರ್. 108ರಿಂದ ಭಾಗಿಸಿದರೆ ಮಸುಕು ಅರ್ಧ ಸೆಂಟಿಮೀಟರ್. ಬುಡದಲ್ಲಿ ಮಸುಕೇ ಇಲ್ಲ. ಅಂದರೆ ಒಂದೇ ಗೆರೆ ಬುಡದಲ್ಲಿ ಬ್ಲೇಡಿನಷ್ಟು ಚೂಪು, ತುದಿಗೆ ಹೋಗುತ್ತಾ ಬೆರಳಲ್ಲಿ ಸವರಿದ ಇದ್ದಿಲ ಗೆರೆ. ನೀವು ಪೆನ್ಸಿಲಿನ ಗೆರೆ ಎಂದದ್ದು ಇದಕ್ಕೇ ಇರಬೇಕು. ಯಂತ್ರದ ಗೆರೆ ಹೀಗೆ ಇರುವುದಿಲ್ಲ, ಕೈ ಎಳೆದ ಗೆರೆ ಹೀಗೆ ಇರುತ್ತದೆ.

ಇದನ್ನು ಕೋಣೆಯಲ್ಲಿ ತರಲು 108ರ ಲೆಕ್ಕವೇ ಸಾಕು. ಬೆಳಕು 3 ಮೀಟರ್ ದೂರದಲ್ಲಿದ್ದರೆ ಅದರ ಅಗಲ ಸುಮಾರು 28 ಮಿಲಿಮೀಟರ್ ಇರಬೇಕು. ನಿಮ್ಮ ಪರ್ಸಿನಲ್ಲಿ ಹತ್ತು ರೂಪಾಯಿ ನಾಣ್ಯ ಇದೆಯಾ? ಅದು 27 ಮಿಲಿಮೀಟರ್. ಒಂದು ಅಲ್ಯುಮಿನಿಯಂ ತಗಡಿನಲ್ಲಿ ಆ ನಾಣ್ಯದಷ್ಟು ರಂಧ್ರ ಕೊರೆಸಿ. ರಂಧ್ರಕ್ಕೆ ಹಾಲುಬಣ್ಣದ ಅಕ್ರಿಲಿಕ್ ತುಂಡು ಕೂರಿಸಿ. ಹಿಂದೆ ಲೈಟ್ ಇಡಿ. 3 ಮೀಟರ್ ದೂರದಲ್ಲಿ ನಿಂತ ನಿಮ್ಮ ಬೇರಿಗೆ ಅದೇ ಸೂರ್ಯ. ರಟ್ಟು ಬೇಡ, ಲೈಟಿನ ಕಾವಿಗೆ ಸುಟ್ಟುಕೊಳ್ಳಬಹುದು. ನಾಣ್ಯದ ಈ ಉಪಾಯ ನಾಟಕದ ಕೆಲಸದಲ್ಲಿ ಎಷ್ಟೋ ಸಲ ನನ್ನ ಮಾನ ಉಳಿಸಿದೆ.

ಲೈಟ್ ಯಾವುದು? ಲೋಹಾರ್ ಚಾಳ್‌ಗೆ ಹೋದರೆ ಅಂಗಡಿಯವರು ಫ್ಲಡ್, ಪ್ಯಾನಲ್, ಸ್ಟ್ರಿಪ್ ಎಲ್ಲ ತೋರಿಸುತ್ತಾರೆ. ಮೂರೂ ನಿಮಗೆ ಬೇಡ. ಸ್ಟ್ರಿಪ್ ಅಂತೂ ಟ್ಯೂಬಿನ ತಮ್ಮ, ನೆರಳನ್ನು ಅಳಿಸಿಹಾಕುವುದೇ ಅದರ ಗುಣ. ಬಿಡಿ ಬಿಡಿ ಎಲ್‌ಇಡಿ ಚುಕ್ಕೆಗಳಿರುವ ಬಲ್ಬು ಹಾಕಿದರೆ ಒಂದು ಎಲೆಗೆ ಹತ್ತು ನೆರಳು ಬೀಳುತ್ತವೆ. ಲ್ಯಾಮಿಂಗ್ಟನ್ ರೋಡಿನಲ್ಲಿ 12 ವೋಲ್ಟಿನ, 10 ವ್ಯಾಟಿನ ಸಿಓಬಿ ಎಲ್‌ಇಡಿ ಕೇಳಿ. ಎಲ್ಲ ಬೆಳಕೂ ಒಂದೇ ಚಿಕ್ಕ ಮುಖದಿಂದ ಬರುವಂಥದ್ದು. ಜೊತೆಗೆ ಹೀಟ್‌ಸಿಂಕ್, ಅಂದರೆ ಕಾವು ಹೀರಿಕೊಳ್ಳುವ ಲೋಹದ ತುಂಡು, ತೆಗೆದುಕೊಳ್ಳಿ. ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವುದೂ ಸುಳ್ಳೇ. ಮುಂದಕ್ಕೆ ಹೆಚ್ಚು ಶಾಖ ಎಸೆಯುವುದಿಲ್ಲ, ಬೆನ್ನಿನಲ್ಲಿ ಕೂಡಿಸಿಕೊಳ್ಳುತ್ತದೆ. ಹೀಟ್‌ಸಿಂಕ್ ಇಲ್ಲದೆ ಹಚ್ಚಿದರೆ ಕೆಲವೇ ನಿಮಿಷದಲ್ಲಿ ಸುಟ್ಟುಹೋಗಬಹುದು. 230 ವೋಲ್ಟಿನ ಅಗ್ಗದ ಲೈಟನ್ನು ಬಿಚ್ಚಿ ಒಳಗಿನ ಎಲ್‌ಇಡಿ ತೆಗೆಯುವ ಸಾಹಸ ಮಾತ್ರ ಬೇಡ. ಅಂಥ ಎಷ್ಟೋ ಲೈಟುಗಳಲ್ಲಿ ಎಲ್‌ಇಡಿಯ ತಗಡಿಗೇ ಮನೆಯ ಕರೆಂಟು ತಾಗಿಕೊಂಡಿರುತ್ತದೆ. ಮುಟ್ಟಿದರೆ ಶಾಕ್.

10 ವ್ಯಾಟ್ ಸಾಲುತ್ತಾ ಎಂದು ನೀವು ಕೇಳುತ್ತೀರಿ. ಸಾಲುತ್ತದೆ, ಕೋಣೆ ಕತ್ತಲಿದ್ದರೆ. ಅಕ್ರಿಲಿಕ್ ಇಲ್ಲದೆ ಅಂಥ ಲೈಟು 3 ಮೀಟರ್ ದೂರದಲ್ಲಿ ಸುಮಾರು 30 ಲಕ್ಸ್ (ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕು ಕೊಡಬಹುದು, ಅಕ್ರಿಲಿಕ್ ಇಟ್ಟರೆ ಇನ್ನೂ ಕಡಿಮೆ. ಟ್ಯೂಬ್ ಹಾಕಿದ ಕ್ಲಾಸ್‌ರೂಮಿನಲ್ಲಿ 200ರಿಂದ 300 ಲಕ್ಸ್ ಇರುತ್ತದೆ. ನಿಮ್ಮ ಜ್ಯೂರಿ ಟ್ಯೂಬ್‌ಲೈಟ್ ಆರಿಸದೆಯೇ ನಡೆದಿದ್ದರೆ, ಯಾವ ಲೈಟ್ ತಂದಿದ್ದರೂ ನೆರಳು ಸೋಲುತ್ತಿತ್ತು. ನೆರಳು ಎಷ್ಟು ಕಪ್ಪು ಅನ್ನುವುದು ಅದರೊಳಗೆ ಬೇರೆ ಕಡೆಯಿಂದ ನುಸುಳುವ ಬೆಳಕಿನ ಮೇಲೆ ನಿಂತಿದೆ. ಬಾಗಿಲ ಸಂದು, ಫ್ಯಾನಿನ ರೆಗ್ಯುಲೇಟರಿನ ಕೆಂಪು ದೀಪ, ನೋಡಲು ಬಂದವರ ಮೊಬೈಲು, ಎಲ್ಲವೂ ಕಳ್ಳರೇ. ಎಲ್ಲಕ್ಕಿಂತ ದೊಡ್ಡ ಕಳ್ಳ ಬಿಳಿ ಗೋಡೆ. ನಿಮ್ಮದೇ ಬೆಳಕು ಒಂದು ಗೋಡೆಗೆ ಬಡಿದು, ಎದುರು ಗೋಡೆಗೆ ಹೋಗಿ, ತಿರುಗಿ ಬಂದು ನೆರಳಿನೊಳಗೆ ಸುರಿಯುತ್ತದೆ. ನೆರಳು ಬೀಳುವ ಗೋಡೆ ಒಂದನ್ನು ಬಿಟ್ಟು ಉಳಿದ ಮೂರಕ್ಕೆ ಕಪ್ಪು ಬಟ್ಟೆ ಇಳಿಬಿಡಿ. ಸೀಲಿಂಗಿಗೆ ಸಾಧ್ಯವಾದರೆ ಅದಕ್ಕೂ. ಹತ್ತಿ ಬಟ್ಟೆ ಬೇಗ ಉರಿ ಹಿಡಿಯುತ್ತದೆ. ನಾಟಕದ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಬೆಂಕಿ ಹಿಡಿಯದಂತೆ ಮಾಡಿದ ಪರದೆ ಸಿಗುತ್ತದೆ. ಮೂರು ದಿನಕ್ಕೆ ಅದನ್ನೇ ತನ್ನಿ.

ಹ್ಯಾಲೋಜನ್ ವಿಷಯಕ್ಕೆ ಬಂದೆ. ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಹ್ಯಾಲೋಜನ್ ಕ್ಯಾಪ್ಸೂಲಿನ ತಂತಿ ಚಿಕ್ಕದು. ನೆರಳು ಚೆನ್ನಾಗಿ ಬರುತ್ತದೆ, ಬಣ್ಣ ಕೂಡ ಸಂಜೆ ಬಿಸಿಲಿನಂತೆ. ನಾನೂ ಆ ಬೆಳಕಿಗೆ ಮನಸೋತವನೇ. ಆದರೆ ಅದರ ಗಾಜಿನ ಮೈ 200 ಡಿಗ್ರಿಗಿಂತ ಮೇಲೆ ಹೋಗುತ್ತದೆ. ಒಣ ಎಲೆ, ಕಾಗದ, ಬಟ್ಟೆ ತಾಗಿದರೆ ಮುಗಿಯಿತು. ಬಹಳ ವರ್ಷದ ಹಿಂದೆ ಒಂದು ನಾಟಕಕ್ಕೆ ಕಾಡು ಮಾಡಲು ನಾನು ಅಡಿಕೆ ಸೋಗೆ ಕಟ್ಟಿದ್ದೆ. ಪಕ್ಕದಲ್ಲೇ ದೊಡ್ಡ ಹ್ಯಾಲೋಜನ್ ಲೈಟು. ತಾಲೀಮಿನಲ್ಲಿ ಎಲ್ಲ ಸರಿಯಿತ್ತು. ಆಟದ ದಿನ ಫ್ಯಾನಿನ ಗಾಳಿಗೆ ಒಂದು ಸೋಗೆ ಅರ್ಧ ಅಡಿ ವಾಲಿತು. ಎರಡನೇ ಅಂಕದಲ್ಲಿ ನನ್ನ ಮೂಗಿಗೆ ಊರಿನ ಬಚ್ಚಲೊಲೆಯ ವಾಸನೆ ಬಂತು. ಒಂದು ಕ್ಷಣ ಹಾಯ್ ಅನ್ನಿಸಿತು ನೋಡಿ, ಅದೇ ನಾಚಿಕೆ. ಆಮೇಲೆ ಹೊಳೆಯಿತು. ಮರಳಿನ ಬಕೆಟ್ ಹತ್ತಿರ ಇದ್ದದ್ದಕ್ಕೆ ಬಚಾವಾದೆವು. ಪ್ರೇಕ್ಷಕರು ಹೊಗೆಯನ್ನು ಎಫೆಕ್ಟ್ ಎಂದುಕೊಂಡು ಚಪ್ಪಾಳೆ ತಟ್ಟಿದರು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ. ಅವತ್ತಿನಿಂದ ಒಣ ಸೊಪ್ಪು ಮತ್ತು ಹ್ಯಾಲೋಜನ್ ಒಂದೇ ಕೋಣೆಯಲ್ಲಿ ಇಡುವುದಿಲ್ಲ. ಜನ ಒಳಗೆ ಓಡಾಡುವ 10 ಅಡಿಯ ಕೋಣೆಯಲ್ಲಂತೂ ಬೇಡವೇ ಬೇಡ.

ಪ್ರೊಜೆಕ್ಟರ್ ಬೇಕಾಗಿಲ್ಲ. ಅದು ನೆರಳಿನ ಚಿತ್ರ ತೋರಿಸುತ್ತದೆ, ನೆರಳನ್ನಲ್ಲ. ಅದರ ಕಪ್ಪು ಕೂಡ ನಿಜವಾದ ಕಪ್ಪಲ್ಲ, ಬೂದಿ. ಮಧ್ಯೆ ಯಾರಾದರೂ ನಡೆದರೆ ಅವರ ಬೆನ್ನ ಮೇಲೆ ಎಲೆ ಕಾಣುತ್ತದೆ. ಅದೇ ನಿಮಗೆ ಬೇಕಾದ ಪರಿಣಾಮ ಆಗಿದ್ದರೆ ಬಾಡಿಗೆಗೆ ತನ್ನಿ, ಕೊಳ್ಳಬೇಡಿ.

ಈಗ ಎಲೆಯ ಮಾತು. ಐರೋಲಿಯಿಂದ 200 ಎಲೆ ಹೇಗೆ ತಂದಿರಿ ಎಂದು ನಾನು ಕೇಳುವುದಿಲ್ಲ. ಇನ್ನು ಮೇಲೆ ತರಬೇಡಿ. ಮಹಾರಾಷ್ಟ್ರದಲ್ಲಿ ಕಾಂಡ್ಲಾ ಕಡಿಯಬಾರದೆಂದು ಬಾಂಬೆ ಹೈಕೋರ್ಟು 2005ರಲ್ಲೇ ಆದೇಶ ಕೊಟ್ಟಿದೆ, 2018ರಲ್ಲಿ ಅದನ್ನು ಮತ್ತೆ ಗಟ್ಟಿ ಮಾಡಿದೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೂ ಹಾಗೇ, ಬಿದ್ದ ಎಲೆ ಅಲ್ವಾ ಎಂದು ಚೀಲ ತುಂಬುವಂತಿಲ್ಲ. ಬೇರಿನ ಅಚ್ಚು ತೆಗೆಯುತ್ತೇನೆ ಎಂದು ಕೆಸರಿಗೆ ಇಳಿದರೆ ಕಾಲಡಿ ಮುರಿಯುವುದು ಅದೇ ಉಸಿರುಬೇರು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕಡಲು ಜೀವವೈವಿಧ್ಯ ಕೇಂದ್ರ ಇದೆ. ಅಲ್ಲಿಂದ ನೋಡಿ, ಬರೆಯಿರಿ, ಫೋಟೋ ತೆಗೆಯಿರಿ.

ನಿಜ ಹೇಳಬೇಕೆಂದರೆ ನಿಮಗೆ ಎಲೆ ಬೇಕಾಗಿಯೇ ಇಲ್ಲ. ನೆರಳಿಗೆ ಹೊರಗೆರೆ ಸಾಕು, ಒಳಗೆ ಏನಿದೆ ಅಂತ ಅದು ಕೇಳುವುದಿಲ್ಲ. ಗಣಪತಿ ಮಾಡುವವರ ಹತ್ತಿರ ಶಾಡು ಮಣ್ಣು ಸಿಗುತ್ತದೆ. ಪೇಣ್ ಕಡೆಯಿಂದ ಬರುವ ಮೂರ್ತಿಗಳಲ್ಲಿ ಇರುತ್ತದಲ್ಲ, ಅದೇ ಮಣ್ಣು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಎರಡು ಇಂಚು ಹರಡಿ. ಊದುಬತ್ತಿಯ ಬಿದಿರುಕಡ್ಡಿ ಅಥವಾ ದಪ್ಪ ತಂತಿಗೆ ಮಣ್ಣು ಮೆತ್ತಿ ಬೇರು ಮಾಡಿ ನಿಲ್ಲಿಸಿ. ಒಣಗುತ್ತಾ ಮಣ್ಣು ಬಿರಿಯುತ್ತದೆ. ನೀರು ಬಾರದೆ ಒಣಗಿದ ಕಡೆ ಖಾಡಿಯ ಕೆಸರೂ ಹಾಗೇ ಅಲ್ವಾ? ಮೂರು ದಿನದಲ್ಲಿ ಬಿರುಕು ಬೆಳೆಯುವುದನ್ನು ಜನ ನೋಡಬಹುದು. ಲೈಟನ್ನು ಕೋಣೆಯ ಒಂದು ಮೂಲೆಯಲ್ಲಿ ಮೊಣಕಾಲಿಗಿಂತ ಸ್ವಲ್ಪ ಮೇಲೆ ಇಡಿ, ಮಣ್ಣನ್ನು ಎದುರು ಮೂಲೆಯ ಕಡೆಗೆ ಹರಡಿ. ಕರ್ಣದಲ್ಲಿ ನಿಮಗೆ ಹದಿನೈದು ಅಡಿ ಸಿಗುತ್ತದೆ, ಅಂದರೆ ನಾಲ್ಕೂವರೆ ಮೀಟರ್. ಆ ದೂರ ಬೇಕು. ಬಿಸಿಲಿನ ನೆರಳುಗಳು ಒಂದಕ್ಕೊಂದು ಸಮಾನಾಂತರ. ಲೈಟು ಹತ್ತಿರ ಇದ್ದರೆ ನೆರಳುಗಳು ಬೀಸಣಿಗೆಯಂತೆ ಹರಡುತ್ತವೆ, ಕಣ್ಣು ತಕ್ಷಣ ಇದು ನಾಟಕ ಎಂದುಬಿಡುತ್ತದೆ. ಲೈಟ್ ದೂರ ಹೋದಷ್ಟೂ ಹರಡುವುದು ಕಡಿಮೆ. ಆದರೆ ಇಲ್ಲಿ ನೀವು ಆರಿಸಿಕೊಳ್ಳಬೇಕು. 3 ಮೀಟರ್ ದೂರದ ಲೈಟು 20 ಡಿಗ್ರಿ ಮೇಲಿರಬೇಕಾದರೆ ಸುಮಾರು 1.1 ಮೀಟರ್ ಎತ್ತರ ಬೇಕು, ಅಂದರೆ ಸೊಂಟದ ಮೇಲೆ. ಮೊಣಕಾಲಿನ ಎತ್ತರಕ್ಕೆ ಇಟ್ಟರೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನ ನೆರಳು, ಬಹಳ ಉದ್ದ. ಎರಡೂ ಇಟ್ಟು ನೋಡಿ. ನನ್ನ ಮನಸ್ಸು ಕೆಳಗಿನದಕ್ಕೆ.

ಎಲೆ ಇಲ್ಲದೆ ಮನಸ್ಸು ಒಪ್ಪದಿದ್ದರೆ ಅಶ್ವತ್ಥದ ಎಲೆ ತೆಗೆದುಕೊಳ್ಳಿ. ಚಿಕ್ಕವರಿದ್ದಾಗ ಪುಸ್ತಕದಲ್ಲಿಟ್ಟು ಜಾಲರಿ ಮಾಡಿದ್ದೀರೋ ಇಲ್ಲವೋ. ಬೇಗ ಆಗಬೇಕಾದರೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ತಣಿದ ಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿರುಳು ಸವರಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ. ಸ್ಟೀಲ್ ಪಾತ್ರೆಯೇ ಆಗಬೇಕು, ಸೋಡಾ ಅಲ್ಯುಮಿನಿಯಂ ತಿನ್ನುತ್ತದೆ. ಹೋಟೆಲಿನ ಪಾತ್ರೆ ಎತ್ತಿಕೊಂಡು ಬಂದು ಅಪ್ಪನ ಹತ್ತಿರ ಬೈಸಿಕೊಳ್ಳಬೇಡಿ. ಬೂಷ್ಟು ಹಿಡಿಯುವುದು ಆ ತಿರುಳಿಗೆ. ನರಗಳಷ್ಟೇ ಉಳಿದರೆ ಆ ತೊಂದರೆ ಬಹಳ ಕಡಿಮೆ. ಜುಲೈಯಲ್ಲಿ ಹಸಿ ಎಲೆ ನೇತುಹಾಕಿದರೆ ಮುಂಬೈಯಲ್ಲಿ ಬೂಷ್ಟು ಬರದೇ ಇನ್ನೇನು ಬರುತ್ತದೆ? ಆದರೆ ನೆನಪಿಡಿ, ನರಗಳು ಕೂದಲಿನಷ್ಟು ಸಣ್ಣ. ಗೋಡೆಯಿಂದ ಸ್ವಲ್ಪ ದೂರ ಹೋದರೂ ನಾಣ್ಯದ ಸೂರ್ಯ ಅವನ್ನು ನುಂಗಿಬಿಡುತ್ತಾನೆ. ಅಲ್ಲಿ ಮಾತ್ರ ಸೂಜಿಮೊನೆಯ ಎಲ್‌ಇಡಿ ಬೇಕು. ನೈಲಾನ್ ದಾರ ಕೂಡ ಬದಲಿಸಿ, ತೇವಕ್ಕೆ ಹಿಗ್ಗುತ್ತದೆ. ಸಣ್ಣ ಸ್ಟೀಲ್ ತಂತಿ ಒಳ್ಳೆಯದು.

ಇನ್ನೊಂದು ದಾರಿ ನೀರು. ಖಾಡಿಯಲ್ಲಿ ಎಲೆಗಳ ತಳಭಾಗದಲ್ಲಿ ಬೆಳಕಿನ ಬಲೆ ಕುಣಿಯುವುದನ್ನು ನೋಡಿರುತ್ತೀರಿ, ಅಲೆಯಿಂದ ಮೇಲಕ್ಕೆ ಚಿಮ್ಮಿದ ಬಿಸಿಲು ಅದು. ಒಂದು ತಟ್ಟೆಯಲ್ಲಿ ಅರ್ಧ ಇಂಚು ನೀರು, ಅದೇ ಚಿಕ್ಕ ಲೈಟು, ಮೆಲ್ಲಗೆ ಒಂದು ಫ್ಯಾನು ಇದ್ದರೆ ಸೀಲಿಂಗ್ ತುಂಬ ಬಲೆ. ಬರೀ ನೀರು ನೇರ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲಷ್ಟೇ ತಿರುಗಿಸುತ್ತದೆ. ತಟ್ಟೆಯ ತಳಕ್ಕೆ ಕನ್ನಡಿ ಇಟ್ಟರೆ ಹೆಚ್ಚಿನದೆಲ್ಲ ಮೇಲಕ್ಕೆ ಹೋಗುತ್ತದೆ. ನೋಡಲು ಬಹಳ ಚೆಂದ. ಅಪಾಯವೂ ಇದರಲ್ಲೇ ಜಾಸ್ತಿ. ನೀರಿನ ಹತ್ತಿರ 12 ವೋಲ್ಟ್ ಬಿಟ್ಟು ಬೇರೆ ಏನೂ ಬರಕೂಡದು, ಫ್ಯಾನು ಕೂಡ ಕಂಪ್ಯೂಟರಿನ 12 ವೋಲ್ಟಿನದೇ ಇರಲಿ. ಪವರ್ ಸಪ್ಲೈ ಡಬ್ಬಿ ಕೋಣೆಯ ಹೊರಗೆ, ನೆಲದಿಂದ ಮೇಲೆ ಇಡಿ. ಹಾಲ್‌ನ ಎಲೆಕ್ಟ್ರಿಷಿಯನ್‌ನ ಹತ್ತಿರ ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಸಾಲನ್ನು ಕಡಿಯುವ ಸ್ವಿಚ್ಚು) ಇದೆಯಾ ಎಂದು ಬಾಯಿಬಿಟ್ಟು ಕೇಳಿ. ಎಂಸಿಬಿ ಇದೆ ಎಂದರೆ ಸಾಲದು. ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಮತ್ತೆ ನೀರನ್ನು ದಿನಾ ಬದಲಿಸಿ, ಸೊಳ್ಳೆ ಮರಿ ಮಾಡಿದರೆ ಪಾಲಿಕೆಯವರು ಕಲೆ ನೋಡಲು ಬರುವುದಿಲ್ಲ, ದಂಡ ಹಾಕಲು ಬರುತ್ತಾರೆ.

ಮದುವೆ ಮಂಟಪದ ಮಾತಿಗೆ ಬರೋಣ. ನಿಮಗೆ ನೋವಾಗಿದೆ, ಗೊತ್ತಾಗುತ್ತದೆ. ಆದರೆ ಅವರು ಹೇಳಿದ್ದರಲ್ಲಿ ಏನೋ ಇದೆ. ನಮ್ಮ ಕಸುಬಿನಲ್ಲಿ ಗೋಬೋ ಎಂದು ಒಂದು ತಗಡಿನ ಬಿಲ್ಲೆ ಇದೆ. ಎಲೆಯ ಆಕಾರ ಕೊರೆದಿರುತ್ತಾರೆ. ಲೈಟಿನೊಳಗೆ ಹಾಕಿದರೆ ಎರಡು ನಿಮಿಷದಲ್ಲಿ ಹಾಲ್ ತುಂಬ ಎಲೆ ನೆರಳು. ಡೆಕೊರೇಶನ್‌ನವರು ದಿನಾ ಅದನ್ನೇ ಹಾಕುತ್ತಾರೆ. ನಾನೂ ಎಷ್ಟೋ ಮದುವೆಗೆ ಹಾಕಿ ಬಾಡಿಗೆ ಕಟ್ಟಿದ್ದೇನೆ, ಅದನ್ನು ಕೀಳು ಎನ್ನುವುದಿಲ್ಲ. ಆದರೆ ನಿಮ್ಮ ಕೆಲಸವನ್ನು ಒಂದು ಗೋಬೋ ಮಾಡಿಬಿಡಬಹುದಾದರೆ 200 ಎಲೆ ಕಟ್ಟಿದ್ದು ಯಾಕೆ? ಗೋಬೋಗೆ ಆಗದ್ದು ಏನು ಅನ್ನುವುದನ್ನು ನೀವು ಹುಡುಕಬೇಕು.

ಎರಡು ಉದಾಹರಣೆ ನೋಡಿ. ಲಾಹೋರಿನಲ್ಲಿ ಹುಟ್ಟಿ ಅಮೆರಿಕದಲ್ಲಿರುವ ಅನಿಲಾ ಖಯ್ಯೂಮ್ ಆಘಾ ಲೇಸರಿನಲ್ಲಿ ಕೊರೆದ ಮರದ ಒಂದು ಘನ, ಆರೂವರೆ ಅಡಿಯದು, ತೂಗುಹಾಕಿ ಒಳಗೆ ಒಂದೇ ಒಂದು ಬಲ್ಬ್ ಇಟ್ಟರು. 2014ರಲ್ಲಿ ಆರ್ಟ್‌ಪ್ರೈಜ್ ಸ್ಪರ್ಧೆಯಲ್ಲಿ ಜನರ ಬಹುಮಾನ ಅದಕ್ಕೇ ಬಂತು, ತೀರ್ಪುಗಾರರ ಬಹುಮಾನವನ್ನು ಇನ್ನೊಂದು ಕೃತಿಯ ಜೊತೆ ಹಂಚಿಕೊಂಡಿತು. ನೆರಳು ನಾಲ್ಕೂ ಗೋಡೆ, ನೆಲ, ಸೀಲಿಂಗ್ ಹಿಡಿಯುತ್ತದೆ. ಒಳಗೆ ಬಂದವರ ಮೈಮೇಲೂ ಬೀಳುತ್ತದೆ, ಅವರ ನೆರಳೂ ಸೇರುತ್ತದೆ. ನಮ್ಮ ಮುಂಬೈಯ ನಳಿನಿ ಮಲಾನಿ ಪಾರದರ್ಶಕ ಮೈಲಾರ್ ಹಾಳೆಯ ಉರುಳೆಗಳ ಮೇಲೆ ಚಿತ್ರ ಬರೆದು, ಮೆಲ್ಲಗೆ ತಿರುಗಿಸಿ, ಬೆಳಕು ಹಾಯಿಸಿ ಗೋಡೆ ತುಂಬ ನೆರಳಿನ ಆಟ ಆಡಿಸಿದವರು. ಒಂದರಲ್ಲಿ ನೋಡುವವರು ನೆರಳಿನ ಒಳಗೆ ಬರುತ್ತಾರೆ. ಇನ್ನೊಂದರಲ್ಲಿ ನೆರಳು ಹೊತ್ತಿನ ಜೊತೆ ಸಾಗುತ್ತದೆ.

ನಿಮಗೆ ಖಾಡಿ ಕೊಟ್ಟದ್ದೂ ಹೊತ್ತೇ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ನೆರಳು ಅಷ್ಟರಲ್ಲಿ ದಿಕ್ಕೇ ಬದಲಿಸಿರುತ್ತದೆ. ನಿಮ್ಮ ನಾಣ್ಯದ ಸೂರ್ಯನನ್ನು ಒಂದು ಮರದ ಪಟ್ಟಿಯ ಮೇಲೆ ಕೂರಿಸಿ, ದಿನಕ್ಕೆ ಒಂದೂವರೆ ಮೀಟರ್ ನೀವೇ ಕೈಯಲ್ಲಿ ಸರಿಸಿದರೂ ಸಾಕು, ಗಂಟೆಗೆ ಒಂದು ಗೇಣು. ಗೇರ್ ಮೋಟರ್ ಹಾಕುವ ಆಸೆ ಇದ್ದರೆ 12 ವೋಲ್ಟಿನದು ಸಿಗುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ವೇಗ ಕೊಡಬೇಡಿ. ಬೆಳಿಗ್ಗೆ ಬಂದವರು ಸಂಜೆ ಮತ್ತೆ ಬಂದಾಗ 'ಇದು ಹೀಗಿರಲಿಲ್ಲ' ಎನ್ನಬೇಕು. ಇದು ನನ್ನ ರುಚಿ. ನೀವು ಒಪ್ಪಬೇಕೆಂದಿಲ್ಲ.

ಲೈಟು ಕೆಳಗಿದ್ದರೆ ಜನ ಅದರ ಮುಂದೆ ನಡೆದಾಗ ದೊಡ್ಡ ಕಾಲುಗಳ ನೆರಳು ಮಣ್ಣಿನ ಮೇಲೆ ಬೀಳುತ್ತದೆ. ಅದು ಬೇಕಾ ಬೇಡವಾ ಎಂದು ಮೊದಲೇ ಯೋಚಿಸಿ. ಖಾಡಿಗೆ ನಗರ ಕಾಲಿಟ್ಟ ಕಥೆ ಅಲ್ಲೇ ಇದೆ ಎಂದು ನಾನು ಅರ್ಥ ಹಚ್ಚಬಲ್ಲೆ, ಹಚ್ಚುವುದಿಲ್ಲ. ಬೇಡವಾದರೆ ಲೈಟಿನ ಹಿಂದಿನಿಂದ ಮಾತ್ರ ಒಳಗೆ ಬರುವಂತೆ ಹಗ್ಗ ಕಟ್ಟಿ. ಯಾರ ಕಣ್ಣಿಗೂ ಬರಿಯ ಎಲ್‌ಇಡಿ ನೇರ ಕಾಣಬಾರದು. ವೈರನ್ನು ಗೋಡೆಗುಂಟ ಒಯ್ದು ಟೇಪ್ ಹಚ್ಚಿ. ಕತ್ತಲ ಕೋಣೆಯಲ್ಲಿ ಮೊದಲು ಎಡವುವವರು ಹಿರಿಯರು.

ಅಪ್ಪನ ಪ್ರಶ್ನೆಗೆ ಸುಳ್ಳು ಹೇಳುವುದಿಲ್ಲ. ಇನ್‌ಸ್ಟಲೇಶನ್, ಅಂದರೆ ಹೀಗೆ ಕೋಣೆಯನ್ನೇ ಕಲಾಕೃತಿ ಮಾಡುವ ಕೆಲಸ, ಮಾರಿ ಜೀವನ ಮಾಡುವವರು ಬಹಳ ಕಡಿಮೆ. ಆದರೆ ನೆರಳನ್ನು ಲೆಕ್ಕ ಹಾಕಿ ಕಟ್ಟಬಲ್ಲವರಿಗೆ ನಾಟಕ, ಮ್ಯೂಸಿಯಂ, ಅಂಗಡಿಯ ಶೋಕೇಸ್, ಸಿನಿಮಾ ಸೆಟ್ ಎಲ್ಲ ಕಡೆ ಕೆಲಸ ಇದೆ. ನನ್ನ ಮನೆ ನಡೆದದ್ದು ಹಾಗೇ. ಅವರನ್ನು ಒಮ್ಮೆ ಆ ಕೋಣೆಗೆ ಕರೆತನ್ನಿ. ಮಾತಿಗಿಂತ ಅದು ಮೇಲು.

ಮೊದಲ ಕೆಲಸ ಮಾತ್ರ ಅಂಗಡಿಗೆ ಹೋಗುವುದಲ್ಲ. ಇಳಿತದ ಬೆಳಿಗ್ಗೆ ಒಂದು ಸ್ಕೇಲು, ಒಂದು ನೋಟ್‌ಬುಕ್ ಹಿಡಿದು ಖಾಡಿಗೆ ಹೋಗಿ. ಕಟ್ಟೆಯ ಹತ್ತಿರದ ಒಂದೇ ಒಂದು ಬೇರು ಆರಿಸಿಕೊಂಡು ಅದರ ಎತ್ತರ, ನೆರಳಿನ ಉದ್ದ, ತುದಿಯ ಮಸುಕು ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಅಳೆಯಲು ಆಗದಿದ್ದರೆ ಕಣ್ಣಂದಾಜು. ಆಮೇಲೆ ಮನೆಯಲ್ಲಿ ನಾಣ್ಯದ ರಂಧ್ರ ಇಟ್ಟು ಒಂದು ಊದುಬತ್ತಿ ಕಡ್ಡಿಯ ನೆರಳನ್ನು ಅದಕ್ಕೆ ಹೊಂದಿಸಿ. ಒಂದು ಸರಿಯಾದರೆ 200 ಸರಿಯಾಗುತ್ತದೆ.

ಕೊನೆಗೊಂದು. ಹಾಲ್‌ನ ಟ್ಯೂಬ್‌ಲೈಟ್ ಸ್ವಿಚ್ಚುಗಳಿಗೆಲ್ಲ ಟೇಪ್ ಹಚ್ಚಿ, ಮರಾಠಿಯಲ್ಲೂ ಹಿಂದಿಯಲ್ಲೂ 'ಹಾಕಬೇಡಿ' ಎಂದು ದೊಡ್ಡದಾಗಿ ಬರೆದು ಅಂಟಿಸಿ. ವಾಚ್‌ಮನ್‌ಗೆ ಮೊದಲ ದಿನವೇ ಒಂದು ಚಹಾ ಕುಡಿಸಿ ಹೇಳಿಡಿ. ಕೋಣೆ ಕತ್ತಲಾಗಿದೆ ಪಾಪ ಎಂದು ಲೈಟ್ ಹಾಕಿ ಹೋಗುವ ಒಬ್ಬ ಒಳ್ಳೆಯ ಮನುಷ್ಯ ಪ್ರತಿ ಹಾಲ್‌ನಲ್ಲೂ ಇರುತ್ತಾನೆ.